ಬೀದರ್‌ಗೆ ಬೆಂಗಳೂರಿನ ನಮಾಝ್ ಸಮಯ ಹೊಂದುವುದಿಲ್ಲ

ಸಂಪಾದಕರಿಗೆ,

ನಿಮ್ಮ ಪತ್ರಿಕೆಯ ನಮಾಝ್ ವೇಳಾಪಟ್ಟಿಯ ಅಡಿಯಲ್ಲಿ ದಿನವೂ ಒಂದು ಸಾಲು ಇರುತ್ತದೆ: ‘ಇದು ಬೆಂಗಳೂರಿನ ಸಮಯ. ಮಂಗಳೂರಿಗೆ 11 ನಿಮಿಷ ಸೇರಿಸಿಕೊಳ್ಳಿ, ಬೀದರ್‌ಗೆ ವ್ಯತ್ಯಾಸವಿಲ್ಲ.’ ಮಂಗಳೂರಿನ ಮಾತು ವರ್ಷವಿಡೀ ಸರಿ. ಬೀದರ್‌ನ ಮಾತು ಮಾರ್ಚ್ ಮತ್ತು ಸೆಪ್ಟೆಂಬರ್ ತಿಂಗಳ ಮೂರನೇ ವಾರದ ಆಸುಪಾಸಿನಲ್ಲಿ ಮಾತ್ರ ಹೆಚ್ಚುಕಡಿಮೆ ಸರಿ. ಉಳಿದ ದಿನಗಳಲ್ಲಿ ಅದು ತಪ್ಪು, ಜೂನ್‌ನಲ್ಲಂತೂ ಹತ್ತು ನಿಮಿಷದಷ್ಟು ತಪ್ಪು.

ಈ ಸಾಲನ್ನು ಬರೆದವರು ರೇಖಾಂಶವನ್ನಷ್ಟೇ ನೋಡಿದ್ದಾರೆ. ಬೆಂಗಳೂರಿನದು 77.59 ಡಿಗ್ರಿ, ಮಂಗಳೂರಿನದು ಸುಮಾರು 74.85. ಒಂದು ಡಿಗ್ರಿ ದಾಟಲು ಸೂರ್ಯನಿಗೆ 4 ನಿಮಿಷ ಬೇಕು, ಅಲ್ಲಿಗೆ 11 ನಿಮಿಷ. ಎರಡೂ ಊರು ಅಕ್ಷಾಂಶ 13ರ ಹತ್ತಿರವೇ ಇರುವುದರಿಂದ ಎರಡರ ಹಗಲೂ ಒಂದೇ ಉದ್ದ, ಹಾಗಾಗಿ ಐದೂ ಹೊತ್ತಿಗೆ ಅದೇ 11 ನಿಮಿಷ ಸಾಕು. ಬೀದರ್‌ನ ರೇಖಾಂಶ 77.52. ಅಲ್ಲಿ ನಡುಹಗಲು ಬೆಂಗಳೂರಿಗಿಂತ 17 ಸೆಕೆಂಡ್ ತಡ, ಅಷ್ಟೆ. ಆದರೆ ಊರು ಇರುವುದು ಐದು ಡಿಗ್ರಿ ಉತ್ತರಕ್ಕೆ, 17.91ರಲ್ಲಿ. ಜೂನ್ 21ರಂದು ಬೆಂಗಳೂರಿನ ಹಗಲು 12 ಗಂಟೆ 53 ನಿಮಿಷವಾದರೆ ಬೀದರ್‌ನದು 13 ಗಂಟೆ 12 ನಿಮಿಷ. ಹೆಚ್ಚಿನ 19 ನಿಮಿಷ ಬೆಳಿಗ್ಗೆಗೆ ಅರ್ಧ, ಸಂಜೆಗೆ ಅರ್ಧ ಹಂಚಿಹೋಗುತ್ತದೆ.

ಅಂದು ಮಗ್ರಿಬ್ (ಸೂರ್ಯ ಮುಳುಗಿದೊಡನೆಯ ನಮಾಝ್, ಉಪವಾಸ ಬಿಡುವ ಹೊತ್ತು) ಬೆಂಗಳೂರಿನಲ್ಲಿ 6:48ಕ್ಕೆ, ಬೀದರ್‌ನಲ್ಲಿ 6:58ಕ್ಕೆ. ನಿಮ್ಮ ಪಟ್ಟಿಯನ್ನು ನಂಬಿ ಬೀದರ್‌ನಲ್ಲಿ ಖರ್ಜೂರ ಬಾಯಿಗಿಟ್ಟವರ ಕಣ್ಣೆದುರೇ ಸೂರ್ಯ ಇನ್ನೂ ಇರುತ್ತಾನೆ. ಫಜ್ರ್, ಅಂದರೆ ಮುಂಬೆಳಗಿನ ನಮಾಝ್, ಬೆಂಗಳೂರಿನಲ್ಲಿ 4:35 ದಾಟಿದ ಮೇಲೆ, ಬೀದರ್‌ನಲ್ಲಿ 4:23ಕ್ಕೇ. ಅಷ್ಟರೊಳಗೆ ಮುಗಿಯಬೇಕಾದ ಸಹರಿ, ಅಂದರೆ ಉಪವಾಸದ ಮುಂಚಿನ ಊಟ, ಮುಗಿಸುವುದೂ 12 ನಿಮಿಷ ತಡವಾಯಿತು. ಉಪವಾಸದ ಎರಡೂ ತುದಿ ಕೆಟ್ಟಂತೆ.

ಡಿಸೆಂಬರ್ 21ಕ್ಕೆ ಎಲ್ಲ ತಿರುವುಮುರುವು. ಮಗ್ರಿಬ್ ಬೀದರ್‌ನಲ್ಲಿ 5:50ಕ್ಕೆ, ಬೆಂಗಳೂರಿನಲ್ಲಿ 5:59ಕ್ಕೆ. ಫಜ್ರ್ ಬೀದರ್‌ನಲ್ಲಿ 5:29ಕ್ಕೆ, ಬೆಂಗಳೂರಿನಲ್ಲಿ 5:21ಕ್ಕೆ. ಆಗ ಬೆಂಗಳೂರಿನ ಪಟ್ಟಿ ಹಿಡಿದರೆ ಉಪವಾಸಕ್ಕೆ ತೊಂದರೆಯಿಲ್ಲ, ಎರಡೂ ಕಡೆ ಎಚ್ಚರಿಕೆಯೇ ಆಯಿತು. ಆದರೆ 5:21ಕ್ಕೆ ಬಾಂಗು ಕೊಟ್ಟು ಫಜ್ರ್ ನಮಾಝ್ ಮಾಡಿದರೆ ಅದು ಹೊತ್ತಿಗೆ ಮುಂಚಿನ ನಮಾಝ್. ಸಹರಿಗೆ ಸುರಕ್ಷಿತವಾದದ್ದು ನಮಾಝಿಗೆ ಸುರಕ್ಷಿತವಲ್ಲ ಎಂಬುದನ್ನು ಪಟ್ಟಿ ಮಾಡುವವರು ಆಗಾಗ ಮರೆಯುತ್ತಾರೆ. ರಂಜಾನ್ ವರ್ಷಕ್ಕೆ 10–11 ದಿನ ಹಿಂದೆ ಸರಿಯುವುದರಿಂದ ಗೊಂದಲ ಇನ್ನೂ ಹೆಚ್ಚು. 1999ರಲ್ಲಿ ಅದು ಡಿಸೆಂಬರ್‌ನಲ್ಲಿತ್ತು, 2016ರಲ್ಲಿ ಜೂನ್‌ನಲ್ಲಿ. ಒಂದು ವರ್ಷದ ‘ವ್ಯತ್ಯಾಸ’ದ ಅಂಕಿಯನ್ನು ಮುಂದಿನ ವರ್ಷಗಳಿಗೆ ನಕಲು ಮಾಡುತ್ತ ಹೋದರೆ ಕೂಡಿಸಬೇಕಾದಲ್ಲಿ ಕಳೆಯುವ ದಿನ ಬಂದೇ ಬರುತ್ತದೆ.

ಲೆಕ್ಕ ಕಷ್ಟದ್ದಲ್ಲ, ಹತ್ತನೇ ತರಗತಿಯ ತ್ರಿಕೋನಮಿತಿ ಸಾಕು. ಮೊದಲು ನಡುಹಗಲು. ಭಾರತೀಯ ಕಾಲಮಾನದ ರೇಖೆ 82.5 ಡಿಗ್ರಿ. ಬೆಂಗಳೂರು ಅದಕ್ಕಿಂತ 4.91 ಡಿಗ್ರಿ ಪಶ್ಚಿಮಕ್ಕೆ, ಅಂದರೆ 19 ನಿಮಿಷ 38 ಸೆಕೆಂಡ್ ಹಿಂದೆ. ಇದಕ್ಕೆ ಆ ದಿನದ ಕಾಲ ಸಮೀಕರಣವನ್ನು (ಗಡಿಯಾರಕ್ಕೂ ಸೂರ್ಯನಿಗೂ ಇರುವ ಅಂತರ) ಸೇರಿಸಬೇಕು, ಏಕೆಂದರೆ ಸೂರ್ಯ ಗಡಿಯಾರದಷ್ಟು ಶಿಸ್ತಿನವನಲ್ಲ. ಫೆಬ್ರವರಿ ಎರಡನೇ ವಾರದಲ್ಲಿ 14 ನಿಮಿಷ ತಡ ಮಾಡುತ್ತಾನೆ, ನವೆಂಬರ್ ಮೊದಲ ವಾರದಲ್ಲಿ 16 ನಿಮಿಷ ಮುಂಚೆ ಬರುತ್ತಾನೆ. ಹಾಗಾಗಿ ಬೆಂಗಳೂರಿನ ನಡುಹಗಲು ವರ್ಷದಲ್ಲಿ 12:03ರಿಂದ 12:34ರವರೆಗೆ ಓಲಾಡುತ್ತದೆ. ಮಧ್ಯಾಹ್ನದ ನಮಾಝ್ ಝುಹರ್ ಶುರುವಾಗುವುದು ಸೂರ್ಯ ಅಲ್ಲಿಂದ ಇಳಿದ ಮೇಲೆ. ಅರ್ಧ ಬಿಂಬ ದಾಟಲು ಒಂದು ನಿಮಿಷವಾದರೂ ಬೇಕಾದ್ದರಿಂದ ಒಂದೆರಡು ನಿಮಿಷ ಸೇರಿಸುವುದು ವಾಡಿಕೆ.

ಉಳಿದ ನಾಲ್ಕಕ್ಕೂ ಒಂದೇ ಸೂತ್ರ. ಆ ಹೊತ್ತಿಗೆ ಸೂರ್ಯ ಇರಬೇಕಾದ ಎತ್ತರದ ಸೈನ್ ತೆಗೆದುಕೊಳ್ಳಿ. ಅದರಿಂದ ಅಕ್ಷಾಂಶದ ಸೈನ್ ಮತ್ತು ಸೂರ್ಯನ ಕ್ರಾಂತಿಯ (ಸಮಭಾಜಕದಿಂದ ಉತ್ತರಕ್ಕೋ ದಕ್ಷಿಣಕ್ಕೋ ಅವನಿರುವ ಕೋನ) ಸೈನ್‌ಗಳ ಗುಣಲಬ್ಧ ಕಳೆಯಿರಿ. ಉಳಿದದ್ದನ್ನು ಅವೆರಡರ ಕೊಸೈನ್‌ಗಳ ಗುಣಲಬ್ಧದಿಂದ ಭಾಗಿಸಿ. ಬಂದದ್ದು ಬೇಕಾದ ಕೋನದ ಕೊಸೈನ್. ಆ ಕೋನವನ್ನು 4ರಿಂದ ಗುಣಿಸಿದರೆ ನಿಮಿಷ. ಫಜ್ರ್‌ಗೆ ಅದನ್ನು ನಡುಹಗಲಿನಿಂದ ಕಳೆಯಬೇಕು, ಉಳಿದವಕ್ಕೆ ಕೂಡಬೇಕು.

ಮಗ್ರಿಬ್‌ಗೆ ಎತ್ತರ ಸೊನ್ನೆಯಲ್ಲ, ಮೈನಸ್ 0.833 ಡಿಗ್ರಿ. ಗಾಳಿಯ ವಕ್ರೀಭವನ ಸೂರ್ಯನನ್ನು 34 ಕಲೆಯಷ್ಟು (60 ಕಲೆಗೆ ಒಂದು ಡಿಗ್ರಿ) ಎತ್ತಿ ತೋರಿಸುತ್ತದೆ, ಮೇಲಂಚು ಮುಳುಗಲು ಇನ್ನೊಂದು 16 ಕಲೆ. ಕೆಲವು ಪಂಚಾಂಗಗಳು ಬಿಂಬದ ನಡುವನ್ನು ಹಿಡಿದು, ವಕ್ರೀಭವನ ಬಿಟ್ಟು ಸೂರ್ಯಾಸ್ತ ಕೊಡುತ್ತವೆ. ಅದನ್ನು ನೇರ ಎತ್ತಿಕೊಂಡರೆ ಮಗ್ರಿಬ್ ಮೂರೂವರೆ ನಿಮಿಷ ಮುಂಚೆಯೇ ಆಗಿಬಿಡುತ್ತದೆ. ಇನ್ನೊಂದು ಎಡವಟ್ಟು ಎತ್ತರದ ತಿದ್ದುಪಡಿ. ಮೊಬೈಲ್ ಆ್ಯಪ್ ಕೇಳಿತೆಂದು ಬೆಂಗಳೂರಿಗೆ 920 ಮೀಟರ್ ತುಂಬಿದರೆ ಸೂರ್ಯಾಸ್ತ ನಾಲ್ಕು ನಿಮಿಷಕ್ಕೂ ಹೆಚ್ಚು ಮುಂದೆ ಹೋಗುತ್ತದೆ. ಆ ತಿದ್ದುಪಡಿ ಸುತ್ತಲಿನ ನೆಲಕ್ಕಿಂತ ನಾವು ಎಷ್ಟು ಮೇಲಿದ್ದೇವೆ ಎಂಬುದಕ್ಕೆ, ಸಮುದ್ರಮಟ್ಟಕ್ಕಲ್ಲ. ಪ್ರಸ್ಥಭೂಮಿಯಲ್ಲಿ ದಿಗಂತವೂ ನಮ್ಮಷ್ಟೇ ಎತ್ತರದಲ್ಲಿರುತ್ತದೆ. ದುಬೈಯ ಬುರ್ಜ್ ಖಲೀಫಾದಂಥ ಕಡೆ ಅದು ನಿಜಕ್ಕೂ ಬೇಕು: ಅಲ್ಲಿ 80ನೇ ಮಹಡಿಯ ಮೇಲಿನವರು 2 ನಿಮಿಷ, 150ರ ಮೇಲಿನವರು 3 ನಿಮಿಷ ಕಾದು ಇಫ್ತಾರ್ ಮಾಡಬೇಕೆಂದು 2011ರಲ್ಲಿ ಹೇಳಲಾಯಿತು.

ಫಜ್ರ್ ಮತ್ತು ರಾತ್ರಿಯ ನಮಾಝ್ ಇಶಾದಲ್ಲಿ ಜಗಳ ಕೋನದ್ದು. ಕರಾಚಿ ಎಂಬ ಪದ್ಧತಿ ಎರಡಕ್ಕೂ ಸೂರ್ಯ ದಿಗಂತದ ಕೆಳಗೆ 18 ಡಿಗ್ರಿ ಇರುವ ಹೊತ್ತನ್ನು ಹಿಡಿಯುತ್ತದೆ, ಮೇಲೆ ಕೊಟ್ಟ ಅಂಕಿಗಳೂ ಅದರವೇ. ಮುಸ್ಲಿಂ ವರ್ಲ್ಡ್ ಲೀಗ್‌ನದು 18 ಮತ್ತು 17, ಈಜಿಪ್ಟಿನದು 19.5 ಮತ್ತು 17.5, ಉತ್ತರ ಅಮೆರಿಕದ ಇಸ್ನಾ ಎಂಬ ಮುಸ್ಲಿಂ ಸಂಘದ್ದು ಎರಡಕ್ಕೂ 15. ಸೌದಿಯ ಉಮ್ಮುಲ್ ಕುರಾ ಪಟ್ಟಿಯಲ್ಲಿ ಇಶಾಕ್ಕೆ ಕೋನವೇ ಇಲ್ಲ: ಮಗ್ರಿಬ್ ಆಗಿ 90 ನಿಮಿಷ, ರಂಜಾನ್‌ನಲ್ಲಿ 120. ಆ್ಯಪ್ ಹಾಕಿಕೊಂಡವರು ಈ ಆಯ್ಕೆಯನ್ನು ತೆರೆದೂ ನೋಡುವುದಿಲ್ಲ. ಅದು 15ರಲ್ಲೇ ಉಳಿದಿದ್ದರೆ ಜೂನ್‌ನಲ್ಲಿ ಬೆಂಗಳೂರಿನ ಫಜ್ರ್ 4:50 ಎಂದು ತೋರಿಸುತ್ತದೆ, 18ಕ್ಕಿಂತ 14 ನಿಮಿಷ ತಡ. ‘ಸೂರ್ಯೋದಯಕ್ಕೆ ಒಂದೂವರೆ ಗಂಟೆ ಮುಂಚೆ’ ಎಂಬ ಬಾಯಿಲೆಕ್ಕವೂ ನಮಗೆ ಹೊಂದದು. 18 ಡಿಗ್ರಿಯ ಮುಂಬೆಳಗು ಬೆಂಗಳೂರಿನಲ್ಲಿ ಮಾರ್ಚ್‌ನಲ್ಲಿ 70 ನಿಮಿಷ, ಜೂನ್‌ನಲ್ಲಿ 79.

ಮಧ್ಯಾಹ್ನಕ್ಕೂ ಸಂಜೆಗೂ ನಡುವಿನ ನಮಾಝ್ ಅಸರ್‌ಗೆ ಮಾತ್ರ ಸೂರ್ಯನ ಎತ್ತರ ಸಿಗುವುದು ನೆರಳಿನ ಲೆಕ್ಕದಿಂದ. ನೆಲದಲ್ಲಿ ನೆಟ್ಟಗೆ ನಿಲ್ಲಿಸಿದ 100 ಸೆಂಟಿಮೀಟರ್ ಕೋಲಿಗೆ ಡಿಸೆಂಬರ್ 21ರ ನಡುಹಗಲಿನಲ್ಲಿ ಬೆಂಗಳೂರಿನಲ್ಲಿ ಸುಮಾರು 74 ಸೆಂಟಿಮೀಟರ್ ನೆರಳು. ಶಾಫಿ ಮಝ್‌ಹಬ್‌ನಲ್ಲಿ (ಧರ್ಮಶಾಸ್ತ್ರದ ಪಂಥ) ಆ ನೆರಳಿಗೆ ಕೋಲಿನ ಒಂದು ಉದ್ದ ಕೂಡಿದಾಗ, ಅಂದರೆ ನೆರಳು 174 ಆದಾಗ ಅಸರ್: 3:33. ಹನಫಿಯಲ್ಲಿ ಎರಡು ಉದ್ದ ಕೂಡಿ 274 ಆದಾಗ: 4:22. ಜೂನ್‌ನಲ್ಲಿ ಇವೆರಡರ ಅಂತರ ಇನ್ನೂ ಹಿಗ್ಗಿ 3:48 ಮತ್ತು 4:56 ಆಗುತ್ತದೆ. ಕರಾವಳಿಯ ಬ್ಯಾರಿಗಳು, ಭಟ್ಕಳದ ನವಾಯತರು ಶಾಫಿಗಳು. ಒಳನಾಡಿನಲ್ಲಿ ಹೆಚ್ಚಿನವರು ಹನಫಿಗಳು. ಬೆಂಗಳೂರಿನ ಹನಫಿ ಅಸರ್‌ಗೆ 11 ನಿಮಿಷ ಸೇರಿಸಿ ಮಂಗಳೂರಿನವರಿಗೆ ಕೊಟ್ಟರೆ ಅದು ಅವರ ಅಸರ್ ಅಲ್ಲವೇ ಅಲ್ಲ. ನಿಮ್ಮ ಪಟ್ಟಿಯಲ್ಲಿ ಅದು ಯಾವ ಅಸರ್ ಎಂದು ಬರೆದೂ ಇಲ್ಲ.

ದಕ್ಷಿಣದ ನಮಗೆ ಮಾತ್ರ ಕಾದಿರುವ ಗುಂಡಿಯೊಂದು ಇಲ್ಲಿದೆ. ನಡುಹಗಲಿನ ನೆರಳನ್ನು ಅಕ್ಷಾಂಶದಿಂದ ಕ್ರಾಂತಿಯನ್ನು ಕಳೆದು ಅದರ ಟ್ಯಾನ್ ತೆಗೆದು ಪಡೆಯುತ್ತಾರೆ. ದೆಹಲಿಯಲ್ಲಿ ಸೂರ್ಯ ಎಂದೂ ನೆತ್ತಿ ದಾಟಿ ಉತ್ತರಕ್ಕೆ ಹೋಗುವುದಿಲ್ಲ, ಹಾಗಾಗಿ ಕಳೆದಾಗ ಬರುವ ಅಂಕಿ ಯಾವಾಗಲೂ ಧನ. ಬೆಂಗಳೂರಿನಲ್ಲಿ ಏಪ್ರಿಲ್ 24ರ ಶೂನ್ಯ ನೆರಳಿನ ದಿನದಿಂದ ಆಗಸ್ಟ್ 18ರವರೆಗೆ ಅವನು ಉತ್ತರಕ್ಕಿದ್ದು, ನೆರಳು ದಕ್ಷಿಣಕ್ಕೆ ಬೀಳುತ್ತದೆ. ಕಳೆದಾಗ ಬರುವುದು ಋಣ. ದೆಹಲಿಯ ಎಕ್ಸೆಲ್ ಹಾಳೆಯನ್ನು ಇಲ್ಲಿಗೆ ತಂದು ಮೈನಸ್ ಗುರುತು ತೆಗೆಯಲು ಮರೆತರೆ ಜೂನ್ 21ರ ಶಾಫಿ ಅಸರ್ 3:48ರ ಬದಲು 3:01ಕ್ಕೆ ಬಂದು ಕೂರುತ್ತದೆ. ಏಪ್ರಿಲ್ ಮೊದಲ ವಾರದವರೆಗೂ ಸರಿಯಿದ್ದ ಹಾಳೆ ಮೇ ತಿಂಗಳಲ್ಲಿ ಕೆಟ್ಟರೆ ಮೊದಲು ಇಲ್ಲಿ ಹುಡುಕಿ.

ಅನುಮಾನವಿದ್ದವರು ಅಂಗಳದಲ್ಲೇ ಪರೀಕ್ಷಿಸಬಹುದು. ನೆರಳು ಅತಿ ಗಿಡ್ಡವಾಗುವ ಕ್ಷಣವನ್ನು ಕಾಯುತ್ತ ಕೂರಬೇಡಿ. ಆ ಹೊತ್ತಿನಲ್ಲಿ ನೆರಳು ಕದಲುವುದೇ ತಿಳಿಯದು, ತುದಿಯೂ ಮಸುಕು. ಕೋಲಿನ ಬುಡವನ್ನು ಕೇಂದ್ರವಾಗಿಸಿ ಒಂದು ವೃತ್ತ ಎಳೆಯಿರಿ. ಬೆಳಿಗ್ಗೆ ನೆರಳಿನ ತುದಿ ವೃತ್ತದೊಳಗೆ ಬರುವ ಹೊತ್ತು, ಮಧ್ಯಾಹ್ನದ ಮೇಲೆ ಹೊರಬೀಳುವ ಹೊತ್ತು, ಎರಡನ್ನೂ ಗುರುತಿಸಿ. ಅವುಗಳ ನಟ್ಟನಡುವೆ ನಡುಹಗಲು. ಅರಬ್ಬಿಯಲ್ಲಿ ಇದರ ಹೆಸರೇ ‘ದಾಯಿರಾ ಹಿಂದಿಯ್ಯ’, ಹಿಂದೂಸ್ತಾನದ ವೃತ್ತ. ನಮ್ಮ ಸಿದ್ಧಾಂತ ಗ್ರಂಥಗಳ ಶಂಕುವೂ ಇದೇ ಕೋಲು.

ಇನ್ನು ಕೋರಿಕೆ. ವ್ಯತ್ಯಾಸದ ಸಾಲನ್ನು ಕೈಬಿಟ್ಟು ಬೀದರ್, ಕಲಬುರಗಿಗಳಿಗೆ ಬೇರೆ ಕಾಲಂ ಕೊಡಿ. ಕೋನ ಎಷ್ಟು, ಅಸರ್ ಯಾವುದು ಎಂದು ಪಟ್ಟಿಯ ತಲೆಯಲ್ಲಿ ಬರೆಯಿರಿ. ಸೆಕೆಂಡುಗಳನ್ನು ಸುಮ್ಮನೆ ಹತ್ತಿರದ ನಿಮಿಷಕ್ಕೆ ತರಬೇಡಿ: ಸಹರಿಯ ಕೊನೆಯನ್ನು ಹಿಂದಿನ ನಿಮಿಷಕ್ಕೆ, ಐದೂ ನಮಾಝ್‌ಗಳ ಆರಂಭವನ್ನು ಮುಂದಿನ ನಿಮಿಷಕ್ಕೆ ತನ್ನಿ. ಸಹರಿಯ ಕೊನೆ ಮತ್ತು ಫಜ್ರ್ ಒಂದೇ ಅಂಕಿಯಾಗಿ ಅಚ್ಚಾಗುವುದು ಇದರಿಂದಲೇ ನಿಲ್ಲುತ್ತದೆ. ಜಾಗ ಸಾಲದಿದ್ದರೆ ಝುಹರ್ ಒಂದನ್ನು ಬೀದರ್‌ಗೂ ಬೆಂಗಳೂರಿಗೂ ಒಂದೇ ಇಡಬಹುದು, 17 ಸೆಕೆಂಡಿಗೆ ಯಾರೂ ತಕರಾರು ತೆಗೆಯಲಾರರು.

— ಗಣಿತ ಶಿಕ್ಷಕ, ಬೀದರ್