ಚಿಕಾಗೋದ ಮೇಯರ್ ಆದ ವಲಸಿಗ: ಈ ವಾರದ ಚರ್ಚೆಗೆ

ಮಾನ್ಯ ಸದಸ್ಯರೇ,

ಈ ವಾರದ ಚರ್ಚೆಗೆ ಚಿಕಾಗೋ ನಗರದ ಮೇಯರ್ ಆಗಿದ್ದ ಆಂಟನ್ ಸರ್ಮಾಕ್ ಅವರ ಜೀವನವನ್ನು ಆರಿಸಿಕೊಳ್ಳಲಾಗಿದೆ. 1873ರಲ್ಲಿ ಬೊಹೀಮಿಯಾದ (ಇಂದಿನ ಚೆಕ್ ಗಣರಾಜ್ಯದ ಭಾಗ) ಕ್ಲಾಡ್ನೋ ಊರಿನಲ್ಲಿ ಹುಟ್ಟಿ, ಮರುವರ್ಷವೇ ಹೆತ್ತವರೊಂದಿಗೆ ಅಮೆರಿಕ ಸೇರಿದ ಅವರು, ಎಳೆಯ ವಯಸ್ಸಿನಲ್ಲೇ ಇಲಿನಾಯ್ ರಾಜ್ಯದ ಕಲ್ಲಿದ್ದಲ ಗಣಿಯಲ್ಲಿ ದುಡಿದು, ಮುಂದೆ ಚಿಕಾಗೋದಲ್ಲಿ ಸೌದೆ ಮಾರಿ, 1902ರಲ್ಲಿ ರಾಜ್ಯದ ಶಾಸನಸಭೆಗೆ ಆಯ್ಕೆಯಾದರು.

1931ರ ಮೇಯರ್ ಚುನಾವಣೆಯ ಪ್ರಸಂಗವನ್ನು ಎಲ್ಲರೂ ವಿಶೇಷವಾಗಿ ಗಮನಿಸಬೇಕೆಂದು ಕೋರುತ್ತೇನೆ. ಆಗಿನ ಮೇಯರ್ ವಿಲಿಯಂ ಥಾಂಪ್ಸನ್ ಅವರು ಸರ್ಮಾಕರ ಹೆಸರನ್ನೂ ಹಳೆಯ ತಳ್ಳುಗಾಡಿಯ ದಿನಗಳನ್ನೂ ಬಹಿರಂಗವಾಗಿ ಹೀಯಾಳಿಸಿದಾಗ, ತಾನು ಮೇಫ್ಲವರ್ ಹಡಗಿನಲ್ಲಿ (ಇಂಗ್ಲೆಂಡಿನಿಂದ ಆರಂಭದ ವಲಸಿಗರನ್ನು 1620ರಲ್ಲಿ ಅಮೆರಿಕಕ್ಕೆ ಕರೆತಂದ ಹಡಗು) ಬರಲಿಲ್ಲವೆಂಬುದು ನಿಜ, ಆದರೆ ಸಾಧ್ಯವಾದಷ್ಟು ಬೇಗ ಬಂದೆ ಎಂದು ಅವರು ಉತ್ತರಿಸಿದರು. ಹುಟ್ಟನ್ನೇ ಕುಂದೆಂದು ತೋರಿಸಿದವರಿಗೆ ಇದಕ್ಕಿಂತ ಘನವಾದ ಉತ್ತರವನ್ನು ನಾನು ಓದಿಲ್ಲ. ಬೇರೆ ಬೇರೆ ದೇಶಗಳಿಂದ ಬಂದು ನೆಲೆಸಿದ್ದ ಸಮುದಾಯಗಳ ಮತದಾರರನ್ನು ಒಗ್ಗೂಡಿಸಿ ಅವರು ಗೆದ್ದರು.

ಅಧಿಕಾರ ಎರಡು ವರ್ಷವೂ ತುಂಬಲಿಲ್ಲ. 1933ರ ಫೆಬ್ರವರಿ 15ರಂದು ಮಯಾಮಿಯಲ್ಲಿ, ಇನ್ನೂ ಪ್ರಮಾಣವಚನ ಸ್ವೀಕರಿಸದಿದ್ದ ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್ ಅವರ ಕಾರಿನ ಬಳಿ ನಿಂತಿದ್ದಾಗ ಗುಂಡೇಟು ತಗುಲಿ, ಮಾರ್ಚ್ 6ರಂದು ನಿಧನರಾದರು. ಚಿಕಾಗೋದ 22ನೇ ಬೀದಿಗೆ ಈಗ ಅವರದೇ ಹೆಸರಿದೆ.

ಅವರು ಚಿಕಾಗೋದಲ್ಲಿ ಕಟ್ಟಿದ ಡೆಮಾಕ್ರಟಿಕ್ ಪಕ್ಷದ ಸಂಘಟನೆಯ ಒಳಿತು, ಕೆಡುಕು ಎರಡನ್ನೂ ಕುರಿತು ಸದಸ್ಯರು ಬರೆಯಬೇಕಾಗಿ ವಿನಂತಿ.