ನೆನೆದ ಗೋಣಿಯ ತೂಕ

ಸಂಕ್ರಾಂತಿ ಕಳೆದ ಮೂರನೆಯ ದಿನ ಲ್ಯಾಬಿನ ಹುಡುಗ ಕೊಟ್ಟ ಚೀಟಿಯಲ್ಲಿ ಎಚ್‌ಬಿಎ1ಸಿ 6.2 ಎಂದಿತ್ತು. ನನ್ನದು ಸಕ್ಕರೆ ಕಾಯಿಲೆ, ಹಿಂದಿನ ಸುಮಾರು ಮೂರು ತಿಂಗಳು ರಕ್ತದಲ್ಲಿ ಸಕ್ಕರೆ ಹೇಗಿತ್ತೆಂದು ಹೇಳುವ ಪರೀಕ್ಷೆ ಅದು. ಶ್ರೀನಿವಾಸಪುರದ ಮಾವಿನ ಮಂಡಿಯೊಂದರಲ್ಲಿ ಇಪ್ಪತ್ತೆರಡು ವರ್ಷದಿಂದ ಲೆಕ್ಕ ಬರೆಯುತ್ತಿರುವವನು ನಾನು. ಅಂಕಿಯನ್ನು ಕಂಡ ಕೂಡಲೇ ನಂಬುವ ಅಭ್ಯಾಸವಿಲ್ಲ. ಮೊದಲು ಚೀಟಿಯ ಮೇಲಿನ ಹೆಸರು ನನ್ನದೇ ಹೌದೇ ಎಂದು ನೋಡಿದೆ. ನನ್ನದೇ. ಹೋದ ಆಗಸ್ಟಿನಲ್ಲಿ ಅದೇ ಜಾಗದಲ್ಲಿ 7.8 ಇತ್ತು. ಅದಕ್ಕೂ ಹಿಂದೆ, ಮೇ ತಿಂಗಳಲ್ಲಿ, 6.4. ಒಮ್ಮೆ ದಾರಿಗೆ ಬಂದಿದ್ದೆ, ತಪ್ಪಿದ್ದೆ, ಈಗ ಮತ್ತೆ ಬಂದಿದ್ದೇನೆ. ಮೊದಲ ಸಲ ಬಂದದ್ದು ನನ್ನ ಹಟದಿಂದ. ಎರಡನೆಯ ಸಲದಲ್ಲಿ ನನ್ನ ಪಾಲು ಬಹಳ ಕಡಿಮೆ. ಉಳಿದದ್ದು ಯಾರ ಯಾರ ಖಾತೆಗೆ ಜಮೆಯಾಗಬೇಕೋ ಅವರ ಖಾತೆಗೆ ಹಾಕೋಣವೆಂದು ಇದನ್ನು ಬರೆಯುತ್ತಿದ್ದೇನೆ.

ಶುರುವಾದದ್ದು 2024ರ ಆಗಸ್ಟಿನಲ್ಲಿ. ಕಾಲ್ಬೆರಳುಗಳಲ್ಲಿ ಇರುವೆ ಹರಿದಂತೆ ಜುಮುಜುಮು, ರಾತ್ರಿ ನಾಲ್ಕು ಸಲ ಬಚ್ಚಲಿಗೆ ಏಳುವುದು. ಪರೀಕ್ಷೆ ಮಾಡಿಸಿದರೆ 9.4. ತೂಕ 91 ಕಿಲೋ. ಡಾಕ್ಟರಮ್ಮ ಊಟದ ವಿಷಯ ಕೇಳಿದರು. ಬೆಳಗ್ಗೆ ಒಂದು ಮುದ್ದೆ, ಮಧ್ಯಾಹ್ನ ಒಂದೂವರೆ, ರಾತ್ರಿ ಒಂದು, ಪ್ರತಿ ಸಲವೂ ಮೇಲೊಂದಿಷ್ಟು ಅನ್ನ ಎಂದು ಸ್ವಲ್ಪ ಹೆಮ್ಮೆಯಿಂದಲೇ ಹೇಳಿದೆ. ರಾಗಿ ಸಕ್ಕರೆ ಕಾಯಿಲೆಯವರ ಊಟ ಎಂದು ನಮ್ಮ ಕಡೆ ಯಾರನ್ನು ಕೇಳಿದರೂ ಹೇಳುತ್ತಾರಲ್ಲ! ಅವರು ಒಂದು ಕಾಗದದ ಮೇಲೆ ಬರೆದು ತೋರಿಸಿದರು: ನೂರು ಗ್ರಾಂ ಅಕ್ಕಿಯಲ್ಲಿ ಪಿಷ್ಟ, ಅಂದರೆ ಕಾರ್ಬೋಹೈಡ್ರೇಟ್, ಸುಮಾರು 78 ಗ್ರಾಂ, ನೂರು ಗ್ರಾಂ ರಾಗಿ ಹಿಟ್ಟಿನಲ್ಲಿ ಸುಮಾರು 70. ರಾಗಿಯಲ್ಲಿ ನಾರು ಹೆಚ್ಚು, ಸುಣ್ಣದ ಅಂಶ ಹೆಚ್ಚು, ಅದೆಲ್ಲ ನಿಜ. "ರಾಗಿ ಒಳ್ಳೆಯದೇ. ಆದರೆ ನೀವು ದಿನಕ್ಕೆ ಮೂರೂವರೆ ಮುದ್ದೆ ತಿಂದು ಕೂತಲ್ಲೇ ಕೂತು ಲೆಕ್ಕ ಬರೆಯುತ್ತೀರಿ" ಎಂದರು. ಮನೆಗೆ ಬಂದು ಇದನ್ನು ಹೇಳಿದರೆ ಅಮ್ಮ ಸಿಟ್ಟಾದರು. ಹಿಟ್ಟು ತಿಂದವನು ಬೆಟ್ಟ ಕಿತ್ತಿಟ್ಟ ಎಂಬ ಗಾದೆ ಡಾಕ್ಟರಮ್ಮನಿಗೆ ಗೊತ್ತಿಲ್ಲವೇ ಎಂದು ಕೇಳಿದರು. ನಾನು ಕಿತ್ತ ಬೆಟ್ಟ ಯಾವುದು ಎಂದು ನನಗೂ ನೆನಪಾಗಲಿಲ್ಲ.

ಡಾಕ್ಟರಮ್ಮನಿಗೆ ಮೊದಲ ನಮಸ್ಕಾರ. ದಿನಕ್ಕೆ ಎಂಬತ್ತು ಗ್ರಾಂ ಪಿಷ್ಟ ದಾಟಬಾರದು ಎಂಬ ಪಥ್ಯ ಹೇಳಿದ್ದಕ್ಕಿಂತ ಹೆಚ್ಚಾಗಿ, ಪಥ್ಯ ಶುರುಮಾಡುವ ಮುಂಚೆಯೇ ಸಕ್ಕರೆ ಇಳಿಸುವ ನನ್ನ ಗ್ಲಿಮೆಪಿರೈಡ್ ಮಾತ್ರೆಯನ್ನು ಅರ್ಧಕ್ಕೆ ಇಳಿಸಿದ್ದಕ್ಕೆ. ಅನ್ನ ಮುದ್ದೆ ಇಳಿಸಿ ಆ ಮಾತ್ರೆಯನ್ನು ಮಾತ್ರ ಹಾಗೇ ನುಂಗುತ್ತಿದ್ದರೆ ಸಕ್ಕರೆ ತೀರಾ ಕೆಳಗೆ ಬಿದ್ದು ಬೆವರು, ನಡುಕ, ತಲೆ ತಿರುಗುವುದು ಎಲ್ಲ ಬರುತ್ತದಂತೆ. ಪಕ್ಕದ ಮನೆಯವರ ಮಾತು ಕೇಳಿ ನಾಳೆಯಿಂದಲೇ ಊಟ ಬಿಡುತ್ತೇನೆ ಎನ್ನುವವರು ನಮ್ಮಲ್ಲಿ ಬಹಳ ಜನ ಇದ್ದಾರೆ. ದಯವಿಟ್ಟು ಮಾತ್ರೆಯ ಚೀಟಿ ಹಿಡಿದು ಮೊದಲು ಡಾಕ್ಟರ ಹತ್ತಿರ ಹೋಗಿ.

ಒಂಬತ್ತು ತಿಂಗಳು ಚೆನ್ನಾಗಿ ನಡೆಯಿತು. ಬೆಳಗ್ಗೆ ಎರಡು ಮೊಟ್ಟೆ, ಸೊಪ್ಪಿನ ಪಲ್ಯ. ಮಧ್ಯಾಹ್ನ ಕೋಳಿ ಸಾರು ಇಲ್ಲವೇ ಹುರುಳಿಕಾಯಿ, ನುಗ್ಗೆಕಾಯಿ, ದೊಡ್ಡ ನಿಂಬೆಹಣ್ಣಿನಷ್ಟು ಮುದ್ದೆ. ಸಂಜೆ ಒಂದು ಹಿಡಿ ಕಡಲೆಕಾಯಿ. ಪ್ರತಿ ಶನಿವಾರ ಮಂಡಿಯ ತೂಕದ ಯಂತ್ರದ ಮೇಲೆ ನಿಲ್ಲುತ್ತಿದ್ದೆ. ನಮ್ಮ ಹಮಾಲಿ ಅಣ್ಣ, ನನಗಿಂತ ಹನ್ನೆರಡು ವರ್ಷ ದೊಡ್ಡವರು, ರೈತರ ಕ್ರೇಟಿನ ತೂಕ ಕೂಗುವ ದನಿಯಲ್ಲೇ ನನ್ನದನ್ನೂ ಕೂಗುತ್ತಿದ್ದರು. ಮೇ ತಿಂಗಳ ಒಂದು ಶನಿವಾರ ಅವರು "ಎಪ್ಪತ್ತೊಂಬತ್ತು! ಚಪ್ಪಲಿ ಕಳೆದು!" ಎಂದಾಗ ಅಂಗಳದಲ್ಲಿದ್ದ ಲಾರಿ ಚಾಲಕರೂ ನಕ್ಕರು.

ಆಮೇಲೆ ಸುಗ್ಗಿ ಬಂತು.

ನಮ್ಮ ತಾಲ್ಲೂಕಿನಲ್ಲಿ ಮೇ ನಡುವಿನಿಂದ ರಸಪುರಿ, ಬಾದಾಮಿ, ಮಲ್ಲಿಕಾ ಒಂದರ ಹಿಂದೊಂದು ಬರುತ್ತವೆ, ಜೂನ್ ಆದರೆ ಲಾರಿಗಟ್ಟಲೆ ತೋತಾಪುರಿ, ಕೊನೆಗೆ ನೀಲಂ. ಊರಿಗೆ ಊರೇ ಆ ವಾಸನೆಯಲ್ಲಿ ಮುಳುಗಿರುತ್ತದೆ. ನಮ್ಮ ತೋತಾಪುರಿಯಲ್ಲಿ ಬಹುಪಾಲು ಗಡಿಯಾಚೆ ಚಿತ್ತೂರು ಕಡೆಯ ತಿರುಳಿನ ಕಾರ್ಖಾನೆಗಳಿಗೆ ಹೋಗಬೇಕು. 2025ರ ಜೂನ್ ಮೊದಲ ವಾರದಲ್ಲಿ, ಹೊರಗಿನ ತೋತಾಪುರಿಯನ್ನು ಒಳಗೆ ಬಿಡುವುದಿಲ್ಲ ಎಂಬ ಆದೇಶ ಅಲ್ಲಿಂದ ಹೊರಟಿತು. ಲಾರಿಗಳು ನಿಂತವು. ಕಿತ್ತ ಕೂಲಿಯೂ ಹುಟ್ಟದ ಬೆಲೆಗೆ ಇಳಿದು, ಕೆಲವರು ಹಣ್ಣನ್ನು ರಸ್ತೆ ಬದಿಗೆ ಸುರಿದು ಹೋದರು. ಕೇಂದ್ರ ಸರ್ಕಾರ ಕ್ವಿಂಟಾಲಿಗೆ 1,616 ರೂಪಾಯಿ ಲೆಕ್ಕದಲ್ಲಿ ಎರಡೂವರೆ ಲಕ್ಷ ಟನ್‌ವರೆಗೆ ನೆರವು ಘೋಷಿಸಿದ್ದು ಆಮೇಲಿನ ಮಾತು. ಆ ನಡುವಿನ ದಿನಗಳಲ್ಲಿ ಲೆಕ್ಕದ ಪುಸ್ತಕ ತೆರೆಯುವುದೇ ಕಷ್ಟವಾಗಿತ್ತು. ಅಪ್ಪನ ಕಾಲದಿಂದ ನಮ್ಮಲ್ಲೇ ಖಾತೆ ಇಟ್ಟಿರುವ ರೈತರೊಬ್ಬರು ಒಂದು ಬುಟ್ಟಿ ಹಣ್ಣು ತಂದು ನನ್ನ ಮೇಜಿನ ಪಕ್ಕ ಇಟ್ಟರು. "ಬೆಲೆ ಅಂತೂ ಇಲ್ಲ. ನೀವಾದರೂ ತಿನ್ನಿ ಗುಮಾಸ್ತರೇ" ಎಂದರು. ಆ ಮನುಷ್ಯನ ಮುಖ ನೋಡಿ ನನಗೆ ಸಕ್ಕರೆ ಕಾಯಿಲೆ ಎಂದು ಹೇಗೆ ಹೇಳುವುದು? ಒಂದು ತಿಂದೆ.

ಅಲ್ಲಿಯವರೆಗೆ ನನ್ನ ತಪ್ಪಿಲ್ಲ ಎಂದೇ ಈಗಲೂ ನನ್ನ ವಾದ. ಮರುದಿನ ಯಾರೂ ಕೊಡಲಿಲ್ಲ, ನಾನೇ ತೆಗೆದುಕೊಂಡೆ. ಮೂರನೆಯ ದಿನ ಎರಡು. ಒಂದು ಸಾಧಾರಣ ಬಾದಾಮಿಯಲ್ಲಿ ಇನ್ನೂರು ಗ್ರಾಂ ತಿರುಳಿದ್ದರೆ ಸುಮಾರು ಮೂವತ್ತು ಗ್ರಾಂ ಪಿಷ್ಟ, ಅದರಲ್ಲಿ ಹೆಚ್ಚಿನದು ಸಕ್ಕರೆಯೇ. ದಿನವಿಡೀ ಎಂಬತ್ತು ಗ್ರಾಂ ದಾಟಬಾರದಿದ್ದವನು ಮಧ್ಯಾಹ್ನದೊಳಗೆ ಮೂರು ಹಣ್ಣಿನಲ್ಲಿ ಅದನ್ನು ದಾಟುತ್ತಿದ್ದೆ. ಓಟೆಗಳನ್ನು ಹಳೆಯ ಪತ್ರಿಕೆಯಲ್ಲಿ ಸುತ್ತಿ, ಮೇಜಿನ ಕೆಳಗಿನ ಅರೆಯಲ್ಲಿ ಹಳೆಯ ರಸೀದಿ ಪುಸ್ತಕಗಳ ಹಿಂದೆ ಬಚ್ಚಿಟ್ಟು ಬೀಗ ಹಾಕುತ್ತಿದ್ದೆ. ನಲವತ್ತೊಂಬತ್ತು ವರ್ಷದ ಗಂಡಸು. ಓಟೆಗೆ ಬೀಗ.

ಆ ಶನಿವಾರ ತೂಕದ ಯಂತ್ರದ ಕಡೆ ಹೋಗಲೇ ಇಲ್ಲ. ಹಮಾಲಿ ಅಣ್ಣ ಬಿಡಲಿಲ್ಲ, ತೋಳು ಹಿಡಿದು ಎಳೆದುಕೊಂಡು ಹೋದರು. "ಎಂಬತ್ತೆರಡೂವರೆ" ಎಂದರು, ಈ ಸಲ ಮೆಲ್ಲಗೆ. ಆರು ದಿನದಲ್ಲಿ ಮೂರೂವರೆ ಕಿಲೋ. ಒಂಬತ್ತು ತಿಂಗಳ ದುಡಿಮೆ ಒಂದು ವಾರದಲ್ಲಿ ನೀರಿನಲ್ಲಿ ಹೋಮವಾಯಿತು ಎಂದುಕೊಂಡೆ. ಹೋದದ್ದು ಹೋಯಿತು, ಇನ್ನೇನು ಎಂದು ಅಂದು ರಾತ್ರಿ ಅಮ್ಮನ ಹತ್ತಿರ ಪೂರಾ ಮುದ್ದೆ ಕೇಳಿ ಹಾಕಿಸಿಕೊಂಡೆ. ಅಮ್ಮನಿಗೆ ಆದ ಸಂತೋಷ ನೋಡಬೇಕಿತ್ತು. ಜುಲೈ ಕೊನೆಗೆ 86.

ಈಗ ನನ್ನ ಹೆಂಡತಿಯ ವಿಷಯಕ್ಕೆ ಬರುತ್ತೇನೆ. ಒಂದು ಸಂಜೆ ಮನೆಗೆ ಹೋದಾಗ ನನ್ನ ತುಟಿಯಂಚಿನಲ್ಲಿ ಕಂದು ಬಣ್ಣದ ಸುಟ್ಟ ಕಲೆ. ಆಗಷ್ಟೇ ಕಿತ್ತ ತೋತಾಪುರಿಯ ತೊಟ್ಟನ್ನು ತೊಳೆಯದೆ ಹಲ್ಲಿನಲ್ಲೇ ಕಚ್ಚಿ ತೆಗೆದಿದ್ದೆ, ಸೊನೆ ತಾಗಿತ್ತು. "ತುಟಿಗೆ ಏನಾಯಿತು ರೀ?" ಎಂದಳು. ಕ್ಷೌರದಲ್ಲಿ ಗಾಯವಾಯಿತು ಎಂದೆ. ತೋಪಿರುವ ಮನೆಯಲ್ಲಿ ಹುಟ್ಟಿ ಬೆಳೆದ ಹೆಂಗಸಿಗೆ ಸೊನೆಯ ಕಲೆ ಯಾವುದು, ಬ್ಲೇಡಿನ ಗಾಯ ಯಾವುದು ಎಂದು ಗೊತ್ತಾಗುವುದಿಲ್ಲವೇ? ಅವಳು ಏನೂ ಹೇಳಲಿಲ್ಲ. ಒಳಗೆ ಹೋಗಿ ಕೊಬ್ಬರಿ ಎಣ್ಣೆ ತಂದು ಕಿರುಬೆರಳಿನಿಂದ ಆ ಕಲೆಗೆ ಸವರಿದಳು. ಸವರುವಾಗ ನನ್ನ ಕಣ್ಣನ್ನು ನೋಡಲಿಲ್ಲ, ಕಲೆಯನ್ನು ಮಾತ್ರ ನೋಡುತ್ತಿದ್ದಳು. ಬೈದಿದ್ದರೆ ನಾನೂ ತಿರುಗಿ ನಾಲ್ಕು ಮಾತು ಆಡಿ, ಮರುದಿನ ಇನ್ನೊಂದು ಹಣ್ಣು ಹೆಚ್ಚೇ ತಿನ್ನುತ್ತಿದ್ದೆ. ನನ್ನ ಬುದ್ಧಿ ನನಗೆ ಗೊತ್ತು.

ಮರುದಿನ ಮಧ್ಯಾಹ್ನ ಊಟಕ್ಕೆ ಕುಳಿತರೆ ಮೊದಲು ಸೊಪ್ಪಿನ ಪಲ್ಯ ಬಂತು, ಆಮೇಲೆ ಮೊಟ್ಟೆ ಸಾರು, ಎಲ್ಲ ಆದಮೇಲೆ ಸಣ್ಣ ತಟ್ಟೆಯಲ್ಲಿ ಮಾವಿನಹಣ್ಣಿನ ಒಂದು ಕೆನ್ನೆ, ಸಿಪ್ಪೆ ತೆಗೆದು, ನಾಲ್ಕು ಹೋಳು ಮಾಡಿ. "ಕದ್ದು ತಿನ್ನಬೇಡಿ, ಕೂತು ತಿನ್ನಿ" ಎಂದಳು. ಅಷ್ಟೇ. ಆ ನಾಲ್ಕು ಹೋಳನ್ನು ತಿನ್ನಲು ನನಗೆ ಹತ್ತು ನಿಮಿಷ ಹಿಡಿಯಿತು. ಮಂಡಿಯಲ್ಲಿ ಐದು ಹಣ್ಣನ್ನು ಹತ್ತು ನಿಮಿಷದಲ್ಲಿ ಮುಗಿಸುತ್ತಿದ್ದವನು! ರುಚಿ ಗೊತ್ತಾದದ್ದೇ ಅಂದು ಎನ್ನಬೇಕು.

ಅದೇ ವಾರ ಡಾಕ್ಟರಮ್ಮನ ಹತ್ತಿರ ಹೋದೆ. 7.8 ಬಂದದ್ದು ಆಗಲೇ. ಬೆಳಗಿನ ಖಾಲಿ ಹೊಟ್ಟೆಯ ಸಕ್ಕರೆಯನ್ನಾದರೆ ಹಿಂದಿನ ದಿನ ಬಾಯಿ ಕಟ್ಟಿ ಒಂದಿಷ್ಟು ಚಂದ ಕಾಣಿಸಬಹುದು. ಈ ಲೆಕ್ಕದಲ್ಲಿ ಆ ಆಟ ನಡೆಯುವುದಿಲ್ಲ. ಕೆಂಪು ರಕ್ತಕಣ ಸುಮಾರು 120 ದಿನ ಬದುಕುತ್ತದೆ, ಅದಕ್ಕೆ ಅಂಟಿದ ಸಕ್ಕರೆ ಹೆಚ್ಚುಕಡಿಮೆ ಮೂರು ತಿಂಗಳ ಕಥೆ ಹೇಳುತ್ತದೆ. ಆರು ದಿನದಲ್ಲಿ ಮೂರೂವರೆ ಕಿಲೋ ಏರಿದ್ದನ್ನು ಹೇಳಿ, ಎಲ್ಲ ಹೋಯಿತು ಮೇಡಂ ಎಂದೆ. ಅವರು ನಕ್ಕರು. ಪಿಷ್ಟ ತಿಂದಾಗ ದೇಹ ಅದರಲ್ಲಿ ಒಂದಿಷ್ಟನ್ನು ಗ್ಲೈಕೋಜೆನ್ ಮಾಡಿ ಯಕೃತ್ತಿನಲ್ಲಿ, ಸ್ನಾಯುಗಳಲ್ಲಿ ಇಟ್ಟುಕೊಳ್ಳುತ್ತದೆ. ಒಂದು ಗ್ರಾಂ ಗ್ಲೈಕೋಜೆನ್ ತನ್ನ ಜೊತೆ ಸುಮಾರು ಮೂರು ಗ್ರಾಂ ನೀರನ್ನು ಹಿಡಿದಿಡುತ್ತದೆ. ಪಥ್ಯ ಶುರುಮಾಡಿದ ಮೊದಲ ವಾರ ಸರಸರನೆ ಇಳಿಯುವ ತೂಕವೂ, ತಪ್ಪಿದ ಮೊದಲ ವಾರ ಸರಸರನೆ ಏರುವ ತೂಕವೂ ಬಹುಪಾಲು ಈ ನೀರೇ. ಆರು ದಿನದಲ್ಲಿ ಮೂರೂವರೆ ಕಿಲೋ ಕೊಬ್ಬು ಕಟ್ಟಲು ಮನುಷ್ಯನಿಗೆ ಆಗುವುದಿಲ್ಲ ಎಂದರು.

ಇದನ್ನು ನಾನು ಬಂದು ಹಮಾಲಿ ಅಣ್ಣನಿಗೆ ಹೇಳಿದೆ. ಅವರು ಒಂದು ಗಳಿಗೆ ಯೋಚಿಸಿ, "ಹಾಗಾದರೆ ನೆನೆದ ಗೋಣಿ" ಎಂದರು. ಮಾವಿಲ್ಲದ ಕಾಲದಲ್ಲಿ ನಮ್ಮ ಮಂಡಿಗೆ ಹುಣಸೆಹಣ್ಣು ಬರುತ್ತದೆ. ಮಳೆಯಲ್ಲಿ ನೆನೆದ ಚೀಲ ತೂಕಕ್ಕೆ ಬಂದರೆ ನೀರಿನ ಲೆಕ್ಕಕ್ಕೆ ಇಷ್ಟು ಎಂದು ಕಳೆಯುತ್ತೇವೆ, ಸರಕೇ ಹೆಚ್ಚಾಯಿತು ಎಂದು ಯಾರೂ ಬರೆಯುವುದಿಲ್ಲ. ಇಪ್ಪತ್ತೆರಡು ವರ್ಷ ಈ ಲೆಕ್ಕ ಬರೆದವನಿಗೆ ತನ್ನ ಮೈಯ ವಿಷಯದಲ್ಲಿ ಅದು ಹೊಳೆಯಲಿಲ್ಲ. ಮಾವು ತಂದದ್ದು ಹೆಚ್ಚಾಗಿ ನೀರು. ಆಮೇಲಿನ ಒಂದೂವರೆ ತಿಂಗಳು ಬೇಸರದಿಂದ ಉಂಡ ಮುದ್ದೆ, ಅನ್ನ, ಸಂಜೆಯ ಬೋಂಡಾ ತಂದದ್ದು ಮಾತ್ರ ಅಸಲಿ ಸರಕು. ಹಮಾಲಿ ಅಣ್ಣ, ನಿಮಗೆ ಎರಡು ಸಲ ಥ್ಯಾಂಕ್ಸ್ ಹೇಳಬೇಕು: ತೋಳು ಹಿಡಿದು ಎಳೆದದ್ದಕ್ಕೆ ಒಂದು, ಈ ಮಾತಿಗೆ ಒಂದು.

ಮತ್ತೆ ಶುರುಮಾಡಿದ ಮೊದಲ ನಾಲ್ಕು ದಿನ ತಲೆ ಸಿಡಿಯಿತು. ಪಿಷ್ಟ ಇಳಿಸಿದಾಗ ನೀರಿನ ಜೊತೆ ಉಪ್ಪೂ ಮೂತ್ರದಲ್ಲಿ ಹೋಗುತ್ತದೆ, ನಿಮಗೆ ಬಿಪಿ ಇಲ್ಲವಲ್ಲ, ಉಪ್ಪು ಹಾಕಿದ ನೀರುಮಜ್ಜಿಗೆ ಕುಡಿಯಿರಿ ಎಂದು ಡಾಕ್ಟರಮ್ಮ ಹೇಳಿದ್ದರು. ಆ ಮಜ್ಜಿಗೆಯನ್ನು ದಿನಕ್ಕೆ ಎರಡು ಹೊತ್ತು ಕಡೆದು ಕೊಟ್ಟವರು ನನ್ನ ಅಮ್ಮ. ಎಪ್ಪತ್ತಾರು ವರ್ಷ. ಮಗನ ತಟ್ಟೆಯಲ್ಲಿ ಮುದ್ದೆ ಕಿರಿದಾದರೆ ತಮ್ಮ ಕೈರುಚಿಗೇ ಅವಮಾನ ಎಂದು ತಿಳಿದಿದ್ದವರು. ಅವರಿಗೆ ನಾನು ಪಿಷ್ಟ, ಗ್ರಾಂ ಎಂದು ಏನೂ ವಿವರಿಸಲಿಲ್ಲ. ಕಾಲ್ಬೆರಳಿನ ಜುಮುಜುಮು ಮತ್ತೆ ಬಂದಿದೆ ಎಂದೆ. ನಮ್ಮ ತಂದೆಯ ಕಾಲಿನ ಗಾಯ ಕೊನೆಗೂ ಮಾಯಲಿಲ್ಲ ಎಂಬುದು ಅವರಿಗೆ ನೆನಪಾಗಿರಬೇಕು. ಮರುದಿನದಿಂದ ಬಸ್ಸಾರಿನ ಪಲ್ಯ ತಟ್ಟೆಯ ತುಂಬ, ಮುದ್ದೆ ಒಂದು ಮೂಲೆಯಲ್ಲಿ. "ಇದೇನು ಮುದ್ದೆಯೋ, ಗೋಲಿಯೋ" ಎಂದು ಇವತ್ತಿಗೂ ಗೊಣಗುತ್ತಾರೆ, ಆದರೆ ಗೋಲಿಯನ್ನೇ ಕಟ್ಟುತ್ತಾರೆ.

ಮಂಡಿಯ ಎದುರಿನ ಟೀ ಅಂಗಡಿಯವರಿಗೂ ನಮಸ್ಕಾರ. ನಾನು ಮತ್ತೆ ಸಕ್ಕರೆ ಹಾಕಿಸಿಕೊಳ್ಳಲು ಶುರುಮಾಡಿದಾಗ ಏಕೆ ಎಂದು ಕೇಳಲಿಲ್ಲ, ನಿಲ್ಲಿಸಿದಾಗಲೂ ಕೇಳಲಿಲ್ಲ. ನಾಲ್ಕು ಗಂಟೆಗೆ ಬೋಂಡಾದ ತಟ್ಟೆ ಎಲ್ಲರ ಮುಂದೆ ಹೋಗುವಾಗ ನನ್ನ ಮುಂದೆ ಮೆಣಸಿನಪುಡಿ ಉದುರಿಸಿದ ಎರಡು ಬೇಯಿಸಿದ ಮೊಟ್ಟೆ ಬರುತ್ತದೆ. "ಒಂದು ಹೋಳಿಗೆ ತಿಂದರೆ ಸತ್ತು ಹೋಗುತ್ತೀರಾ ಭಾವ?" ಎಂದು ಪ್ರತಿ ಹಬ್ಬದಲ್ಲೂ ಕೇಳುವ ಭಾವಮೈದನಿಗೆ ಈ ಪಟ್ಟಿಯಲ್ಲಿ ಜಾಗವಿಲ್ಲ. ಅವನೂ ಮೊನ್ನೆ ಶುಗರ್ ಪರೀಕ್ಷೆ ಮಾಡಿಸಿದ್ದಾನೆ ಎಂದು ಸುದ್ದಿ. ಮುಂದಿನ ವರ್ಷ ನೋಡೋಣ.

ಕಳೆದ ಶನಿವಾರದ ತೂಕ 78. ಈಗ ಮನೆಯಲ್ಲಿ ದಿನವೂ ಹಿತಕಿದ ಅವರೆಬೇಳೆ ಸಾರು, ಬಟ್ಟಲು ಅಳತೆಯಲ್ಲಿ. ತೋಪುಗಳಲ್ಲಿ ಹೂವು ಕಾಣಿಸಿಕೊಂಡಿದೆ, ಈ ಸಲವಾದರೂ ರೈತರಿಗೆ ಬೆಲೆ ಸಿಗಲಿ. ಬರುವ ಸುಗ್ಗಿಯಲ್ಲಿ ದಿನಕ್ಕೆ ಒಂದು ಕೆನ್ನೆ, ಅದೂ ಊಟದ ಕೊನೆಗೆ, ಅದೂ ತಟ್ಟೆಯಲ್ಲಿ ಎಂದು ಹೆಂಡತಿ ಈಗಲೇ ಹೇಳಿಟ್ಟಿದ್ದಾಳೆ. ಮೇಜಿನ ಕೆಳಗಿನ ಅರೆಯನ್ನು ತೊಳೆದು, ಬೀಗದ ಕೈಯನ್ನು ಹಮಾಲಿ ಅಣ್ಣನಿಗೆ ಒಪ್ಪಿಸಿದ್ದೇನೆ. ಬೀಡಿ ಬಿಟ್ಟು ಆರು ತಿಂಗಳಾಯಿತು ಎಂದು ಹೇಳುತ್ತಿದ್ದವರು ಅದರಲ್ಲಿ ಈಗ ಒಂದು ಕಟ್ಟು ಇಟ್ಟುಕೊಂಡಿದ್ದಾರೆ. ಮೊನ್ನೆ ರಸೀದಿ ಪುಸ್ತಕ ತೆಗೆಯುವಾಗ ಕಣ್ಣಿಗೆ ಬಿತ್ತು. ನಾನು ಇನ್ನೂ ಏನೂ ಹೇಳಿಲ್ಲ.