ಬೀಡಿ ಬ್ರಾಂಚಿನ ಅಕ್ಕಂದಿರಿಗೆ

ಗ್ರಾಮ ಪಂಚಾಯತ್ ಸದಸ್ಯೆಯಾಗಿ ನನ್ನ ಐದು ವರ್ಷ ಮುಗಿಯಿತು. ನೀವೆಲ್ಲ ಶಾಲು ಹೊದಿಸಿದಿರಿ. ಆ ಹೊತ್ತಿಗೆ ಗಂಟಲು ಕಟ್ಟಿ ಎರಡು ಮಾತು ಆಡಲಾಗಲಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ನಮ್ಮ ಮಂಗಳೂರು ತಾಲೂಕಿನಲ್ಲಿ ಮತದಾನ ನಡೆದದ್ದು 2020ರ ಡಿಸೆಂಬರ್ 22ರಂದು. ಅದರ ಹಿಂದಿನ ದಿನದವರೆಗೂ ನಾನು ಬೀಡಿ ಕಟ್ಟುವವಳೇ. ಎಂಟನೇ ಕ್ಲಾಸಿನಲ್ಲಿದ್ದಾಗ ಅಮ್ಮನ ತಡ್ಪೆಯ (ಬೀಡಿ ಕಟ್ಟಲು ಮಡಿಲಲ್ಲಿಡುವ ಮೊರದ) ಪಕ್ಕ ಕುಳಿತು ಕಲಿತ ಕೆಲಸ. ಎಲೆ ನೆನೆಸಿಡಬೇಕು, ತಗಡಿನ ಅಳತೆ ಇಟ್ಟು ಕತ್ತರಿಸಬೇಕು, ಹೊಗೆಸೊಪ್ಪು ತುಂಬಿ ಸುತ್ತಿ ನೂಲು ಕಟ್ಟಬೇಕು. 25 ಬೀಡಿಗೆ ಒಂದು ಕಟ್ಟು. ಮಜೂರಿ ಸಾವಿರದ ಲೆಕ್ಕದಲ್ಲಿ. ಬ್ರಾಂಚಿನಿಂದ ಕೊಟ್ಟ ಎಲೆ ಕಡಿಮೆ ಬಿದ್ದರೆ ನಾವೇ ದುಡ್ಡು ಕೊಟ್ಟು ಅಂಗಡಿಯಿಂದ ತರಬೇಕಿತ್ತು. ಎಷ್ಟು ಸಲ ಪಕ್ಕದ ಮನೆಯ ಅಕ್ಕ ತಮ್ಮ ಪಾಲಿನ ಎಲೆ ಕೊಟ್ಟು ನನ್ನ ಲೆಕ್ಕ ಸರಿ ಮಾಡಿದ್ದಾರೋ.

ಒಂದು ಮಳೆಗಾಲ ಕಟ್ಟಿದ ಬೀಡಿ ಕೊಡಲು ಹೋದಾಗ ಬ್ರಾಂಚಿನಲ್ಲಿ ನನ್ನ ಎರಡು ಕಟ್ಟು ಸರಿಯಿಲ್ಲ ಅಂತ ಪಕ್ಕಕ್ಕಿಟ್ಟರು. ನಾನು ಸುಮ್ನೆ ತಲೆ ತಗ್ಗಿಸಿ ನಿಂತಿದ್ದೆ. ಹಿಂದೆ ನಿಂತಿದ್ದ ಅದೇ ಅಕ್ಕ, "ಯಾವುದು ಸರಿಯಿಲ್ಲ? ಬಿಚ್ಚಿ ತೋರಿಸಿ" ಅಂದರು. ಬಿಚ್ಚಿದರೆ ಕೆಟ್ಟದ್ದು ಆರೇ ಬೀಡಿ. ಉಳಿದದ್ದು ಲೆಕ್ಕಕ್ಕೆ ಸೇರಿತು. ಮನೆಗೆ ಬರುವಾಗ ದಾರಿಯುದ್ದಕ್ಕೂ ಅಳು ಬರುತ್ತಿತ್ತು. ನನ್ನ ಪರವಾಗಿ ಹೊರಗಿನವರೊಬ್ಬರು ಮಾತಾಡಿದ್ದು ಅದೇ ಮೊದಲು.

ಪಂಚಾಯತ್‌ನಲ್ಲಿ ಮೊದಲ ಸಲ ಚರಂಡಿಯ ಬಿಲ್ಲು ಸಭೆಗೆ ಬಂದಾಗ ನಾನು ಕೇಳಿದ್ದೂ ಅದನ್ನೇ. ಜಾಗಕ್ಕೆ ಹೋಗಿ ತೋರಿಸಿ ಅಂದೆ. ಎಲ್ಲರೂ ಹೋದೆವು. ಅಳತೆ ಹಿಡಿದೆವು. ಆ ಧೈರ್ಯ ಯಾರದ್ದು ಅಂತ ನನಗೆ ಗೊತ್ತು, ಅಕ್ಕಾ.

ಚುನಾವಣೆಗೆ ನಿಲ್ಲು ಅಂದವರೂ ನೀವೇ ಅಲ್ವಾ? ಮಹಿಳಾ ಮೀಸಲು ಸೀಟು ಬಂದಾಗ ಬ್ರಾಂಚಿನ ಜಗಲಿಯಲ್ಲೇ ನನ್ನ ಹೆಸರು ಹೇಳಿದಿರಿ. ನಾಮಪತ್ರದ ದಿನ ನನ್ನ ಪಾಲಿನ ಬೀಡಿಯನ್ನೂ ನೀವೇ ಕಟ್ಟಿಕೊಟ್ಟಿರಿ. ಮಾತು ಕಲಿಸಿದ ಟೀಚರಿಗೆ, ರಾತ್ರಿ ಸಭೆ ಇದ್ದಾಗ ಮಕ್ಕಳಿಗೆ ಗಂಜಿ ಬಡಿಸಿದ ಅತ್ತೆಗೆ, ಸ್ಕೂಟರಿನಲ್ಲಿ ಕರೆದುಕೊಂಡು ಹೋದ ತಮ್ಮನಿಗೂ ಕೈ ಮುಗಿಯುತ್ತೇನೆ.

ಕಳೆದ ಮಳೆಗಾಲ ಆ ಪಕ್ಕದ ಮನೆಯ ಅಕ್ಕನ ಕಣ್ಣಿನ ಆಪರೇಷನ್ ಆಯಿತು. ಈಗ ಬೀಡಿ ಕಟ್ಟುವುದಿಲ್ಲ. ಅವರ ಪಿ.ಎಫ್. ಅರ್ಜಿ ಮೊನ್ನೆ ನಾನೇ ತುಂಬಿಸಿದೆ. ಬೇರೆ ಯಾರದ್ದಾದರೂ ಬಾಕಿ ಇದ್ದರೆ ಪಾಸ್‌ಬುಕ್, ಆಧಾರ್ ಹಿಡಿದು ಮನೆಗೆ ಬನ್ನಿ. ಸಂಜೆ ಐದರ ನಂತರ ಇರುತ್ತೇನೆ.